ಏಳನೆಯ ರಾತ್ರಿ

ಹೆಗ್ಗನಹಳ್ಳಿಯ ನಮ್ಮ ತಾರಸಿಯಲ್ಲಿ
ಸಿಂಟೆಕ್ಸ್ ಟ್ಯಾಂಕಿನ ನೆರಳಿಗೆ ಐದು ಹೇಂಟೆ.
ಎರಡು ವರ್ಷದಿಂದ ಗಂಡುದಿಕ್ಕಿಲ್ಲದೆ
ಲಕ್ಷಣವಾಗಿ ಮೊಟ್ಟೆಯಿಟ್ಟುಕೊಂಡಿವೆ.
ಮೊದಲು ಕಾಳು ಕೆಂದಿಗೆ, ಆಮೇಲೆ ಬೂದಿಗೆ,
ಕಟ್ಟಕಡೆಗೆ ಕುಂಟಿಗೆ. ಇದು ಕಾನೂನು.
ಬರೆದವರಿಲ್ಲ, ಮೀರಿದವರೂ ಇಲ್ಲ.

ಮರಿ ಬೇಕೆಂದವರು ಅತ್ತೆ, ಮುನಿಲಕ್ಷ್ಮಮ್ಮ.
ಕೆ.ಆರ್. ಪುರದ ಮಂಗಳವಾರದ ಸಂತೆಯಿಂದ
ಬೂಸಾ ಚೀಲಕ್ಕೆ ತೂತು ಮಾಡಿ
ಎರಡು ಬಸ್ಸು ಬದಲಿಸಿ ತೊಡೆಯ ಮೇಲೆ ತಂದೆ.
ಕಂಡಕ್ಟರು ಅದಕ್ಕೂ ಒಂದು ಟಿಕೆಟ್ ಹರಿದ.
ಏಳು ತಿಂಗಳ ಹುಂಜ. ಕೊರಳಲ್ಲಿ ತಾಮ್ರ,
ಬಾಲದಲ್ಲಿ ಎರಡೇ ಎರಡು ಬಾಗಿದ ಗರಿ,
ಈಗಷ್ಟೇ ಮೀಸೆ ಬಂದ ಹುಡುಗನ ಹಾಗೆ.

"ಹಂಗೇ ಬಿಟ್ಟೀಯ, ಬುರುಡೆ ಒಡೆದಾವು" ಅಂದರು ಅತ್ತೆ.
ಆರು ದಿನ ಮಂಕರಿಯ ಕೆಳಗೆ.
ಐದೂ ಸುತ್ತ ಬಂದು
ಒಂದೊಂದೇ ಕಣ್ಣಿನಿಂದ ನೋಡಿ ಹೋದವು.

ನಾನೂ ಈ ಮನೆಗೆ ಬಂದವನೇ.
ಅತ್ತೆ, ಅತ್ತೆಯ ಅಮ್ಮ, ಮೂವರು ನಾದಿನಿಯರು;
ಪೀಣ್ಯದಲ್ಲಿ ದಿನವಿಡೀ ಲೇತ್ ತಿರುಗಿಸಿ ಬಂದರೆ
ಯಾವ ಲೋಟ ನನ್ನದೆಂದು ತಿಳಿಯಲು
ಒಂದು ವರ್ಷ ಹಿಡಿಯಿತು.

ಏಳನೆಯ ರಾತ್ರಿ ಕರೆಂಟು ಹೋಯಿತು.
ಕತ್ತಲಲ್ಲಿ ಕೋಳಿಗೆ ಕಣ್ಣಿಲ್ಲ.
ಮಂಕರಿ ಎತ್ತಿ, ಅವನನ್ನು ಒಯ್ದು
ಅಡ್ಡ ಕಟ್ಟಿದ ಹಳೇ ಏಣಿಯ ಮೇಲೆ
ಕುಂಟಿಯ ಪಕ್ಕ ಕೂರಿಸಿದೆ.
ಅಂಗೈಯೊಳಗೆ ಅವನೆದೆ
ಹೊಲಿಗೆ ಮಿಷನ್ನಿನಂತೆ ಓಡುತ್ತಿತ್ತು.
ಕುಂಟಿ ನಿದ್ದೆಯಲ್ಲೇ ಗೇಣು ಜಾಗ ಬಿಟ್ಟಳು.

ಬೆಳಗಾದರೆ ಯುದ್ಧ.
ಕೆಂದಿ ನೇರ ಜುಟ್ಟಿಗೇ ಹಾಕಿದಳು;
ಅರಿಶಿನ ಹಿಡಿದು ನನ್ನವಳು ಓಡಿ ಬಂದಳು.
ಟ್ಯಾಂಕಿನ ಹಿಂದೆ ನಿಂತು ಅವನು
ಅರ್ಧ ಕೂಗಿ ನಿಲ್ಲಿಸಿದ,
ಸ್ಟಾರ್ಟ್ ಆಗದ ಹಳೇ ಲೂನಾ.
ಪಕ್ಕದ ನೈಟ್ ಶಿಫ್ಟಿನ ಬೆಟ್ಟಯ್ಯ
ದಡಾರನೆ ಕಿಟಕಿ ಎಳೆದುಕೊಂಡ.

ಹೀಗೇ ನಾಕು ದಿನ. ಒಂದು ಸಂಜೆ
ಮಳೆನೀರ ಪೈಪಿನ ಬಾಯಲ್ಲಿ
ಅವನಿಗೊಂದು ಜಿರಲೆ ಸಿಕ್ಕಿತು.
ತಿನ್ನಲಿಲ್ಲ. ಎತ್ತಿದ, ಇಟ್ಟ, ಮತ್ತೆ ಎತ್ತಿದ,
ಕುಕ್ಕುಕ್ಕೆಂದು ಕರೆದ. ಯಾರು ಕಲಿಸಿದರೋ.
ಕೆಂದಿ ಬಂದಳು. ನುಂಗಿದಳು.
ನುಂಗಿದ ಕೊಕ್ಕಿನಲ್ಲೇ ಅವನಿಗೊಂದು ಕುಟುಕಿದಳು.
ಆದರೆ ಮೆಲ್ಲಗೆ. ನಾನು ನೋಡಿದೆ.

ಕೆಳಗಿಳಿದು ಹೇಳಿದರೆ ಅತ್ತೆ ತಲೆಯೆತ್ತಲಿಲ್ಲ.
"ಕಾವಿಗೆ ಬೂದೀನ ಕೂರಿಸಾನ,
ಕೆಂದಿಗೆ ತಾಳ್ಮೆ ಸಾಲದು" ಅನ್ನುತ್ತ
ಮುದ್ದೆ ಮುರಿದು ನನ್ನ ತಟ್ಟೆಗಿಟ್ಟರು.
ಸಾರಿಗೆ ಉಪ್ಪು ಕಮ್ಮಿಯಿತ್ತು.
ನಾನು ಹೇಳಲಿಲ್ಲ.