ಕಿಟ್ಟಾಸುರನ ತೂಕ

ಶಿವಮೊಗ್ಗದ ಗಾಂಧಿ ಬಜಾರಿನ ಅಡ್ಡಗಲ್ಲಿಯಲ್ಲಿ
ನನ್ನದು ತಕ್ಕಡಿ ರಿಪೇರಿ ಅಂಗಡಿ.
ಹಗಲೆಲ್ಲ ಬಾಗಿದ ಮುಳ್ಳು ನೆಟ್ಟಗೆ ಮಾಡುತ್ತೇನೆ,
ಸವೆದ ಅರ್ಧ ಕೇಜಿ ಕಲ್ಲಿನ ಹೊಟ್ಟೆಗೆ ಸೀಸ ತುಂಬುತ್ತೇನೆ.
ಶನಿವಾರ ಶಟರ್ ಅರ್ಧ ಎಳೆದ ಮೇಲೆ
ನಾಲ್ವರು ದಾಳ ಹಿಡಿದು ಬರುತ್ತಾರೆ.
ಅಷ್ಟರೊಳಗೆ ಒಬ್ಬ ರಾಕ್ಷಸ ತಯಾರಿರಬೇಕು.

ಈ ವಾರದವನು ಭದ್ರಾವತಿ ಕಡೆಯವನು.
ಆರಿದ ಕುಲುಮೆಯ ಹಿಂದೆ ಗುಡ್ಡೆ ಬಿದ್ದ ಕಿಟ್ಟ
ಒಂದು ರಾತ್ರಿ ಮೈ ಮುರಿದು ಎದ್ದರೆ ಹೇಗೋ, ಹಾಗೆ.
ಹೆಸರು ಸುಲಭ. ಕಣ್ಣಿನ ಬಣ್ಣ ಸುಲಭ.
ಎಷ್ಟು ಜೀವ ಕೊಡಲಿ ಎಂಬಲ್ಲಿ ಪೆನ್ಸಿಲ್ ನಿಲ್ಲುತ್ತದೆ.

ಕಳೆದ ತಿಂಗಳು ಏಳು ಹೆಡೆಯದ್ದು ಒಂದೂವರೆ ಸುತ್ತಿಗೆ ಸತ್ತಿತು.
ಅದಕ್ಕೆಂದು ಬರೆದ ಮೂರು ಪುಟ ಬೆದರಿಕೆ
ಯಾರ ಕಿವಿಗೂ ಬೀಳದೆ ಡ್ರಾಯರಿನಲ್ಲಿದೆ.
ಅದರ ಹಿಂದಿನದು ಮೊದಲ ಪೆಟ್ಟಿಗೇ
ದಿವ್ಯಪ್ರಭಾಳ ಬಿಲ್ಲುಗಾತಿಯನ್ನು ಮುಗಿಸಿತು.
ಎರಡು ತಾಸು ಅವಳು ಎಲ್ಲರ ಚಹಾ ಲೋಟ ತೊಳೆದಳು.
"ಪರವಾಗಿಲ್ಲ ಬಿಡಿ" ಅಂದಳು.
ಪರವಾಗಿತ್ತು.

ನಾಲ್ವರು. ಐದಕ್ಕೆ ಮೂರು ಏಟು ತಗಲುತ್ತವೆ, ಏಟಿಗೆ ಏಳು.
ಸುತ್ತಿಗೆ ಹೆಚ್ಚುಕಮ್ಮಿ ಹದಿನೇಳು.
ಐದು ಸುತ್ತು ಬಾಳಲಿ: ಎಂಬತ್ತನಾಲ್ಕು.
ಫೌಜಿಯಾ ಆಡುವ ಮದ್ದಿನವಳಿಗೆ ಇರುವುದು ಮೂವತ್ತೊಂದು.
ಎರಡು ಹೊಡೆತಕ್ಕೆ ತೂರಾಡಬೇಕು, ಮೂರಕ್ಕೆ ಬೀಳಬೇಕು.
ಅವನ ಕೈಗೆ ಹದಿಮೂರು ಬರೆದೆ.

ಆಮೇಲೆ ಹೊಳೆಯಿತು:
ಅವರು ನಾಲ್ಕು ಸಲ ಕೈ ಎತ್ತುವಾಗ ಇವನಿಗೆ ಒಂದೇ ಸರದಿ.
ಒಂಟಿ ಎಷ್ಟು ದಪ್ಪಗಿದ್ದರೇನು,
ತನ್ನ ಪಾಳಿ ಕಾಯುತ್ತಲೇ ಸಾಯುತ್ತಾನೆ.
ರಬ್ಬರು ಉಜ್ಜಿ, ಬೆನ್ನಿಂದ ಉದುರುವ ಮೂರು ಕಿಡಿಮರಿ ಕೊಟ್ಟೆ,
ತಲಾ ನಾಲ್ಕು ಜೀವ, ಮುಟ್ಟಿದರೆ ಚುರ್ರೆನ್ನುವಷ್ಟು.
ಆ ಹನ್ನೆರಡನ್ನು ಅವನ ಲೆಕ್ಕದಿಂದಲೇ ಕಳೆದೆ.
ಮಕ್ಕಳಿಗೆ ಕೊಟ್ಟು ಉಳಿದದ್ದು ಎಪ್ಪತ್ತೆರಡು.

ಸಮತೂಕ ಅನ್ನುತ್ತಾರೆ.
ಮುಳ್ಳು ಅಲುಗದ ತಕ್ಕಡಿ ತುಕ್ಕು ಹಿಡಿದದ್ದು,
ಮೂವತ್ತು ವರ್ಷದ ಕಸುಬಿಗೆ ಅಷ್ಟು ಗೊತ್ತು.
ಸರೀ ತೂಗಿ, ಮೇಲೆ ನಾಲ್ಕು ಮೆಣಸಿನಕಾಯಿ ಕೊಸರು:
ಗಿರಾಕಿ ಮರಳಿ ಬರುವುದು ಆ ನಾಲ್ಕಕ್ಕೆ.
ಕೊಸರೇ ಕೇಜಿಯಾದರೆ ಅಂಗಡಿ ಮುಚ್ಚುತ್ತದೆ.

ನಾಲ್ಕನೇ ಸುತ್ತು. ಹಾಲೇಶನ ಕೊಡಲಿಯವನು ನೆಲಕ್ಕೆ ಬಿದ್ದಿದ್ದಾನೆ,
ಹಾಲೇಶ ಬೆಂಚಿನ ಮೇಲೆ ಒರಗಿ ಸೂರು ನೋಡುತ್ತಿದ್ದಾನೆ.
ದಿವ್ಯಪ್ರಭಾ ದಾಳ ಉರುಳಿಸಿದಳು. ಹತ್ತೊಂಬತ್ತು.
ಏಟು ಎಂಟು.
ನನ್ನ ಹಾಳೆಯಲ್ಲಿ ಒಂಬತ್ತಿತ್ತು.

ರಟ್ಟಿನ ಮರೆಯ ಈಚೆ ಆ ಒಂದು,
ನನಗೆ ಮಾತ್ರ ಕಾಣುವ ಒಂದು.
ಹೆಬ್ಬೆರಳಲ್ಲಿ ಒರೆಸಿದರೆ ಹೋಯಿತು,
ಇಲ್ಲಿ ಯಾವ ಇನ್ಸ್‌ಪೆಕ್ಟರು ಬಂದು ಮುದ್ರೆ ನೋಡುತ್ತಾನೆ?
"ಇನ್ನೆಷ್ಟಿದೆ ಅದಕ್ಕೆ?" ಫೌಜಿಯಾ ಕೇಳಿದಳು,
ಆಸ್ಪತ್ರೆಯ ವಾರ್ಡಿನಲ್ಲಿ ಜನ ಅವಳನ್ನು ಕೇಳುವ ದನಿಯಲ್ಲಿ.
"ಸ್ವಲ್ಪ" ಅಂದೆ.
ಅಲ್ಲಿ ಅವಳೂ ಅಷ್ಟೇ ಹೇಳುವುದಂತೆ.

ಒರೆಸಲಿಲ್ಲ. ಮರೆ ಮಡಚಿಟ್ಟು
ಎಲ್ಲರೆದುರು ಅವನ ದಾಳ ಎಸೆದೆ.
ಎರಡು.
ಆ ದೊಡ್ಡ ಕೈ ಗಾಳಿಗೆ ಬೀಸಿತು.
ಆಮೇಲೆ ಲೋಹಿತಾಶ್ವ, ಯಾವತ್ತೂ ಗುರಿ ಮುಟ್ಟದ ಲೋಹಿತಾಶ್ವ,
ಕತ್ತಿ ಮುರಿದಿದ್ದರಿಂದ ಒಂದು ಕಲ್ಲು ಎತ್ತಿ ಎಸೆದ.

ಕೂಗಿಗೆ ಪಕ್ಕದ ಬಳೆ ಅಂಗಡಿಯ ಮಾಳಿಗೆಯಿಂದ ಬೈಗುಳ ಬಂತು.

ಹನ್ನೊಂದೂವರೆ. ಬೈಕುಗಳು ಹೋದವು.
ಹಾಳೆಯ ಅಂಚಿನಲ್ಲಿ ಗುರುತು ಹಾಕಿದೆ:
ಜೀವ ಸರಿ. ಕೈ ಹದಿಮೂರು ಜಾಸ್ತಿ, ಹನ್ನೆರಡು ಸಾಕು.
ಕಿಡಿಮರಿ ಇನ್ನೊಂದು ಇರಲಿ.
ದೀಪ ಆರಿಸುವ ಮುನ್ನ, ಯಾಕೋ,
ಅವನನ್ನು ತಕ್ಕಡಿಗಿಟ್ಟು ನೋಡಿದೆ.
ಬರೆದದ್ದೂ ಒರೆಸಿದ್ದೂ ಸೇರಿ ಐದು ಗ್ರಾಂ.