ಒಂಬತ್ತನೆಯ ಆಕೃತಿ

ಕರಾರಾದಲ್ಲಿ ಅಮೃತಶಿಲೆಯ ಪುಡಿ ಕೂರದ ಮನೆಯಿಲ್ಲ.
ಒಗೆದು ಹರವಿದ ಬಿಳಿಯಂಗಿ ಸಂಜೆಗೆ ಇನ್ನಷ್ಟು ಬಿಳಿ.
ನಾನು ನೀವೆಸ್. ಮೂವತ್ತೊಂದು ವರ್ಷ
ಎಜಿಸ್ತೊ ಮೆಂಕೋನಿಯ ಕೆಲಸದ ಕೋಣೆ ಗುಡಿಸಿದವಳು.
ಅವನ ಚರಿತ್ರೆ ಬರೆಯಲು ಮಿಲಾನಿನಿಂದ ಬಂದ ಹುಡುಗ
ಪತ್ರ ಕೇಳಿದ, ಫೋಟೋ ಕೇಳಿದ,
ಮೊರದಲ್ಲಿ ಏನಿತ್ತೆಂದು ಕೇಳಲಿಲ್ಲ.

ಮೊದಲ ಆರು ವರ್ಷ ಬರೀ ನೀಲಿ.
ಒಣಗಿದ ಬಣ್ಣದ ಹಕ್ಕಳೆ, ಚಾಕುವಿನಿಂದ ಕೆರೆಯಬೇಕು.
ಬೆಟ್ಟಕ್ಕೆ ಬೆನ್ನು ಹಾಕಿ ಕೂತು ಸಮುದ್ರ ಬರೆಯುತ್ತಿದ್ದ.
ಕಲ್ಲು ಯಾಕೆ ಮುಟ್ಟುವುದಿಲ್ಲ ಅಂದರೆ
"ನಮ್ಮಪ್ಪ ಮುಟ್ಟಿದ್ದು ಸಾಕು."
ಸಾಬೂನೂ ಮುಟ್ಟುತ್ತಿರಲಿಲ್ಲ;
ಮರದ ಹೊಟ್ಟು, ಟರ್ಪೆಂಟೈನು, ಅಷ್ಟರಲ್ಲೇ ಕೈತೊಳೆತ.

ಆಮೇಲೆ ರೋಮಿನಲ್ಲಿ ಪ್ರದರ್ಶನ, ದುಡ್ಡು, ಕೆಂಪು ಫಿಯಟ್ಟು,
ಟ್ಯೂರಿನ್ನಿನ ಹೆಂಡತಿ. ಗುಡಿಸುವಾಗ
ಅವಳ ಹೇರ್‌ಪಿನ್ನು ಸಿಗುತ್ತಿದ್ದವು.
ಮೂರು ವರ್ಷದ ಬಳಿಕ ಸಿಗಲಿಲ್ಲ.

ನಂತರ ಕಬ್ಬಿಣ. ಬೆಸುಗೆಯ ಕಿಡಿ ಆರಿ ಉದುರಿದ ಕರಿಕಾಳು
ಸಾಸಿವೆಯಂತೆ ಉರುಳಿ ಮೂಲೆ ಸೇರುತ್ತಿದ್ದವು.
ಆ ಹಕ್ಕಿಗಳನ್ನು ಯಾರೂ ಕೊಳ್ಳಲಿಲ್ಲ.
ಎರಡು ಚಳಿಗಾಲ ನನ್ನ ಸಂಬಳ ಬಾಕಿ;
ಕೇಳಿದರೆ ಒಂದು ಹಕ್ಕಿ ಕೊಟ್ಟ.
ಕೋಳಿಗೂಡಿನ ಬಾಗಿಲಿಗೆ ಒತ್ತಿಟ್ಟಿದ್ದೇನೆ,
ಗಾಳಿಗೆ ಬಡಿಯದಿರಲಿ ಅಂತ.

ಎಪ್ಪತ್ತು ದಾಟಿದ ಮೇಲೆ ಒಂದು ಬೆಳಗ್ಗೆ
ಮೊರದಲ್ಲಿ ಬಿಳಿ ಪುಡಿ. ನಾನು ಬಾಯಿ ಬಿಡಲಿಲ್ಲ.
ಹನ್ನೊಂದು ದಿನ, ಮೊರ ಮೊರ ಬಿಳಿ.
ಕೊನೆಗೆ ಮೇಜಿನ ಮೇಲೆ ಉಳಿದದ್ದು
ಅಂಗೈಯಗಲದ ತುಂಡು,
ನಡುವೆ ತಗ್ಗು, ಒಂದು ಅಂಚು ಸವೆದು ತೆಳ್ಳಗೆ.

ವೆನಿಸ್ಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅದೀಗ
'ಒಂಬತ್ತನೆಯ ಆಕೃತಿ'. ಪಕ್ಕದ ಹಲಗೆಯಲ್ಲಿ
ಶೂನ್ಯ, ಮೌನ, ಇನ್ನೂ ಏನೇನೋ.
ಮಿಕ್ಕ ಎಂಟು ಎಲ್ಲಿವೆಯೆಂದು
ಹುಡುಗ ಹುಡುಕುತ್ತಲೇ ಇದ್ದಾನೆ.

ಅದು ಸಾಬೂನು ಕಣಪ್ಪ.
ಗಣಿಯಿಂದ ಬಂಡೆ ಜಾರಿಸುವ ತೊಲೆಗಳಿಗೆ
ಸಾಬೂನು ತಿಕ್ಕುವುದು ಹುಡುಗರ ಕೆಲಸ.
ಬಂಡೆಯ ಮುಂದೆ ನಿಂತು ತೊಲೆ ಹಾಸುತ್ತ
ಹಿಂದೆ ಹಿಂದೆ ಸರಿಯುವುದು ಅಪ್ಪನ ಕೆಲಸ.
ಒಂಬತ್ತು ವರ್ಷದವನು ಆವತ್ತು ಹೆಚ್ಚು ತಿಕ್ಕಿದನೋ,
ಹಗ್ಗವೇ ಹಳೆಯದಿತ್ತೋ...
ನಮ್ಮಣ್ಣನೂ ಅಲ್ಲಿದ್ದ. ಅವನೂ ಹೇಳಲಿಲ್ಲ.

ಹನ್ನೆರಡನೆಯ ದಿನ ಎಜಿಸ್ತೊ
"ನೀವೆಸ್, ಸಾಬೂನಿದೆಯಾ?" ಅಂದ.
ಬಟ್ಟೆ ಒಗೆಯುವ ಮುರುಕು ತುಂಡು ತಂದುಕೊಟ್ಟೆ.
ಮೊಣಕೈವರೆಗೂ ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ.
ನೆಲವೆಲ್ಲ ಒದ್ದೆ.
ಅದನ್ನೂ ನಾನೇ ಒರೆಸಿದೆ.