ನಲ್ಲಿಯಿಲ್ಲದ ಮನೆಗೆ

ಹೋಟೆಲಿನ ನೆಲಮಾಳಿಗೆಯಲ್ಲಿ ನನ್ನ ಕೆಲಸ.
ಆಳೆತ್ತರದ ಆರು ಮಶೀನು, ಒಂದೊಂದಕ್ಕೂ ಒಂದೊಂದು ಕೆಮ್ಮು.
ಬೇರಿಂಗು ಸವೆದದ್ದು ಯಾವುದು, ಬೆಲ್ಟು ಜಾರುವುದು ಯಾವುದು
ಬೆನ್ನು ಹಾಕಿ ನಿಂತೇ ಹೇಳಬಲ್ಲೆ.
ದಿನಕ್ಕೆ ನಾನೂರು ಚಾದರ,
ಯಾರ್ಯಾರೋ ಮಲಗಿ ಎದ್ದುಹೋದ ಬಿಳುಪು.
ಸಂಜೆ ಎರಡು ಬಸ್ಸು ಬದಲಿಸಿ ಗುಡ್ಡ ಹತ್ತಿದರೆ
ನಮ್ಮ ಗೆರ್, ಉಣ್ಣೆ ಹೊದ್ದ ದುಂಡು ಮನೆ.
ಒಲೆಯ ಪಕ್ಕ ತಗಡಿನ ಬೋಗುಣಿ,
ಅದರಲ್ಲಿ ಬೆಳಿಗ್ಗೆ ನೆನೆಹಾಕಿದ ನಮ್ಮ ಬಟ್ಟೆ.
ನಗಬೇಡಿ. ನಗು ನನಗೂ ಬರುತ್ತದೆ.

ಈ ಚಳಿಗಾಲ ದುಡ್ಡು ಕೂಡಿತು.
ಉಲಾನ್‌ಬಾತರಿನ ಹೊಗೆಗೆ ಮೂಗು ಕಟ್ಟಿಕೊಂಡು ಹೊರಟೆವು
ನಾನು, ಲ್ಹಾಗ್ವದೋರ್ಜ್, ಮಗ ಬಿಲ್ಗೂನ್.
ಅಂಗಡಿಯ ಹುಡುಗ ಕೈಬೀಸಿ ತೋರಿಸಿದ:
ಇವು ಮುಂದೆ ಬಾಗಿಲಿನವು, ಇವು ಮೇಲೆ ಮುಚ್ಚಳದವು,
ಆ ಮೂಲೆಯಲ್ಲಿ ಎರಡು ತೊಟ್ಟಿಯದು, ಬಿಡಿ,
ಅದನ್ನ ಈಗ ಯಾರು ಕೇಳ್ತಾರೆ.

ನನ್ನ ಗಂಡ ಮುಂಬಾಗಿಲಿನದರ ಎದುರು ಮಂಡಿಯೂರಿದ.
ಗಾಜಿನ ಬಾಗಿಲು ತೆರೆದ, ಮುಚ್ಚಿದ. ಟಕ್.
ಮತ್ತೆ ತೆರೆದ. ಟಕ್.
ಕಲ್ಲಿದ್ದಲಿನ ಲಾರಿ ಓಡಿಸುವವನು ಅವನು,
ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಓಡಿಸುವವನು.
ಬಿಲ್ಗೂನ್ ಒಳಗೆ ತಲೆ ತೂರಿಸಿ ‘ಹೂ’ ಎಂದು ಕೂಗಿದ,
ಡ್ರಮ್ಮು ‘ಹೂ’ ಎಂದಿತು.

“ಫ್ಲಾಟು ಬರುತ್ತಲ್ಲ,” ಅಂದ ಗಂಡ, ನೆಲ ನೋಡುತ್ತ.
ಪಟ್ಟಿಯಲ್ಲಿ ನಮ್ಮದು ಇನ್ನೂರ ಹದಿನಾಲ್ಕು.
ನಾಲ್ಕು ವರ್ಷದಿಂದ ಇನ್ನೂರ ಹದಿನಾಲ್ಕು.
ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನಲು ಬಾಯಿ ತೆರೆದೆ,
ಅವನ ಬೆರಳು ಇನ್ನೂ ಆ ಗಾಜಿನ ಮೇಲಿತ್ತು,
ಬಾಯಿ ಮುಚ್ಚಿದೆ.

ನಾನು ಲೆಕ್ಕ ಹಾಕುವುದು ಕ್ಯಾನಿನಲ್ಲಿ.
ನೀರಿನ ಗೂಡಂಗಡಿ ಗುಡ್ಡದ ಬುಡಕ್ಕೆ,
ಕೈಗಾಡಿಗೆ ಎರಡು ಕ್ಯಾನು,
ದಾರಿ ಗಾಜುಗಟ್ಟಿದ ದಿನ ಒಂದೇ.
ಮೇಲ್ಮುಚ್ಚಳದ್ದು ಒಂದು ಸಲಕ್ಕೆ ಎಂಟು ಕುಡಿಯುತ್ತದೆ.
ಮುಂಬಾಗಿಲಿನದು ಮಿತಾಹಾರಿ, ಮೂರೇ ಸಾಕು ಅದಕ್ಕೆ,
ಆದರೆ ನಲ್ಲಿಯಿಂದಲೇ ಬೇಕು, ರಭಸವಾಗಿ ಬೇಕು,
ಕುಡಿದದ್ದನ್ನು ಕೇಳದೆ ಕೇಳಿಸದೆ ಚೆಲ್ಲಿಬಿಡುತ್ತದೆ.
ನಮ್ಮಲ್ಲಿ ನೀರಿಗೆ ಅಷ್ಟು ಬೇಗ ಬಿಡುಗಡೆಯಿಲ್ಲ.
ಮೊದಲು ಬಿಳಿಯವು, ಆಮೇಲೆ ಬಿಲ್ಗೂನನ ಶಾಲೆಯವು,
ಅತ್ತೆ ದುಲ್ಮಾಳ ಉದ್ದಂಗಿ,
ಕೊನೆಗೆ ಕಲ್ಲಿದ್ದಲಿನ ಪ್ಯಾಂಟು,
ಆಮೇಲೆ ನೆಲ, ಆಮೇಲೆ ಅವನ ಬೂಟು,
ಚಹಾದಷ್ಟು ಕಪ್ಪಾದ ಮೇಲೆ ಗುಂಡಿಗೆ.

ಮೂಲೆಗೆ ಹೋಗಿ ಎರಡು ತೊಟ್ಟಿಯದರ ಮುಚ್ಚಳ ಎತ್ತಿದೆ.
ಹಗುರ ಪ್ಲಾಸ್ಟಿಕ್ಕು. ಒಂದು ಗುಂಡಿ ಸಡಿಲ.
ಹಿಂಡುವ ತೊಟ್ಟಿಯನ್ನು ಖಾಲಿ ತಿರುಗಿಸಿ ಕಿವಿಕೊಟ್ಟೆ.
ಮೋಟರು ಸುಳ್ಳು ಹೇಳುತ್ತಿರಲಿಲ್ಲ.
“ಇದು,” ಅಂದೆ.
ಹುಡುಗ ಧೂಳು ಒರೆಸಿದ.
ಗಂಡ ಬಸ್ಸಿನಲ್ಲಿ ಕಿಟಕಿ ಕಡೆ ಕೂತ, ಮಾತಿಲ್ಲ.

ಗುಡ್ಡ ಹತ್ತಿಸಿದ್ದು ನೀರಿನ ಕೈಗಾಡಿಯಲ್ಲೇ.
“ಬೊಕ್ಕಬಾಯಿ ಇದಕ್ಕೆ,” ಅಂದಳು ದುಲ್ಮಾ,
“ನನ್ನ ಹಾಗೇ,” ಅಂತ ಸೇರಿಸಿದಳು.
ಅಂಗಡಿಯಿಂದ ತಂದ ಬಣ್ಣದ ಹಾಳೆಯಲ್ಲಿ
ಬಿಲ್ಗೂನ್ ಆ ದುಂಡು ಬಾಗಿಲನ್ನು ಕತ್ತರಿಸಿ
ಒಲೆಯ ಹಿಂದಿನ ಕಂಬಕ್ಕೆ ಅಂಟಿಸಿದ.
ಯಾರೂ ಕೀಳಲಿಲ್ಲ.

ಭಾನುವಾರ ಒಗೆದು ಹೊರಗೆ ಹರವಿದೆ, ಸೊನ್ನೆಯ ಕೆಳಗೆ ಮೂವತ್ತು.
ಚಳಿ ಬಟ್ಟೆಯನ್ನು ಹಲಗೆ ಮಾಡುವುದು ಮೊದಲಿನ ಹಾಗೆಯೇ.
ಲ್ಹಾಗ್ವದೋರ್ಜ್ ತನ್ನ ಅಂಗಿಯನ್ನು ನಿಲ್ಲಿಸಿಯೇ ಒಳಗೆ ತಂದ,
ತೋಳು ಚಾಚಿದ ಅತಿಥಿಯ ಹಾಗೆ.
ಪ್ರತಿ ವರ್ಷ ಕೈತುದಿಯಲ್ಲಿ ಮಂಜಿನ ಕಡ್ಡಿ ತೂಗುತ್ತಿತ್ತು,
ಮುರಿದು ಒಳತರಬೇಕಿತ್ತು.
ಈ ಸಲ ಅವನು ಹೆಬ್ಬೆರಳಿನಿಂದ ತೋಳಿನ ಅಂಚು ತಡವಿ ನೋಡಿದ,
ಇನ್ನೊಂದು ತೋಳಿನದೂ.
“ಚೆನ್ನಾಗಿ ಹಿಂಡುತ್ತೆ,” ಅಂದ,
ಕಂಬದ ಕಡೆ ನೋಡದೆ.